ತುಂಬಿದ ಕೊಡ

ತುಂಬಿದ ಕೊಡ ತುಳುಕುವುದಿಲ್ಲವೆಂಬ ಗಾದೆಯನ್ನು ನಾವು ಸಾಧಾರಣವಾಗಿ ಮನುಷ್ಯರ ವಿಷಯದಲ್ಲಿ ಬಳಸುತ್ತೇವೆ. ಬಲ್ಲವನು ಮಿತಭಾಷಿ, ಅರೆಬರೆ ಬಲ್ಲವನು ವಾಚಾಳಿ ಎಂಬುದು ಅದರ ಇಂಗಿತ. ಆದರೆ ಆ ಗಾದೆ ಹುಟ್ಟಿದ್ದು ಪಂಡಿತರ ಸಭೆಯಲ್ಲಾಗಿರಲಾರದು. ಬಾವಿಕಟ್ಟೆಯಿಂದ ಮನೆಗೆ ಬರುವ ದಾರಿಯಲ್ಲಿ, ಸೊಂಟದ ಮೇಲೆ ಕೊಡವಿಟ್ಟುಕೊಂಡು ನಡೆದ ಯಾವಳೋ ಹೆಣ್ಣುಮಗಳ ಅನುಭವದಲ್ಲಿ ಹುಟ್ಟಿರಬೇಕು. ಅರ್ಧ ತುಂಬಿದ ಕೊಡದಲ್ಲಿ ನೀರಿಗೆ ಓಡಾಡಲು ಜಾಗವಿದೆ. ಹೆಜ್ಜೆಹೆಜ್ಜೆಗೂ ಅದು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ನುಗ್ಗುತ್ತದೆ. ಕಂಠದವರೆಗೆ ತುಂಬಿದ ಕೊಡದಲ್ಲಿ ಆ ಜಾಗವೇ ಇಲ್ಲ. ಇಷ್ಟು ಸರಳವಾದ ಸಂಗತಿಯನ್ನು ಮೋಟಾರು ಗಾಡಿಗಳಿಗೆ ಅಳವಡಿಸಲು ಜಗತ್ತಿನ ಜಾಣ ಎಂಜಿನಿಯರುಗಳಿಗೆ ಹೆಚ್ಚುಕಡಿಮೆ ನೂರು ವರ್ಷ ಹಿಡಿಯಿತೆಂದರೆ ಓದುಗರಿಗೆ ಆಶ್ಚರ್ಯವಾಗಬಹುದು.

ಹಳೆಯ ಮೋಟಾರು ಗಾಡಿಗಳನ್ನು ಅಕ್ಕರೆಯಿಂದ ಸಾಕುವವರು ಅವುಗಳ ಡಿಕ್ಕಿಯಲ್ಲಿ ಒಂದು ಪುಟ್ಟ ಅಲ್ಯೂಮಿನಿಯಂ ಡಬ್ಬಿಯನ್ನು ಕೂಡಿಸುವುದುಂಟು. ಒಂದು ಅಥವಾ ಎರಡು ಲೀಟರು ಹಿಡಿಯುವ, ನಾಲ್ಕು ಕೊಳವೆಗಳಿರುವ, ಎತ್ತರದ ಡಬ್ಬಿ ಅದು. ‘ಸರ್ಜ್ ಟ್ಯಾಂಕ್’ ಎಂದು ಅದರ ಹೆಸರು. ಸರ್ಜ್ ಎಂದರೆ ಉಕ್ಕಿ ನುಗ್ಗುವುದು. ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದು. ನುಗ್ಗುವುದು ಗಾಡಿಯ ದೊಡ್ಡ ತೊಟ್ಟಿಯೊಳಗಿನ ಪೆಟ್ರೋಲೇ ಹೊರತು ಈ ಡಬ್ಬಿಯೊಳಗಿನದಲ್ಲ. ಆದ್ದರಿಂದ ಇಲ್ಲಿ ನಾವು ದೊಡ್ಡದನ್ನು ತಾಯಿತೊಟ್ಟಿಯೆಂದೂ ಚಿಕ್ಕದನ್ನು ಮರಿತೊಟ್ಟಿಯೆಂದೂ ಕರೆಯೋಣ. ಮರಿತೊಟ್ಟಿ ನೋಡುವುದಕ್ಕೆ ಅಲ್ಪವಸ್ತು. ಆದರೆ ಅದರ ಹಿಂದೆ ಒಂದು ಇತಿಹಾಸವಿದೆ. ಬೇಡವೆಂದು ಬಿಸುಟದ್ದನ್ನು ಮತ್ತೆ ಹುಡುಕಿ ತಂದ ಇತಿಹಾಸ.

ಮೋಟಾರಿನ ಬಾಲ್ಯದಲ್ಲಿ ಪೆಟ್ರೋಲು ಎಂಜಿನ್ನಿಗೆ ಹರಿಯುತ್ತಿದ್ದುದು ಕಾಲುವೆಯ ನೀರಿನಂತೆ, ಮೇಲಿನಿಂದ ಕೆಳಕ್ಕೆ. ೧೯೦೮ರಲ್ಲಿ ಹೊರಬಂದ ಫೋರ್ಡ್ ಕಂಪನಿಯ ಸುಪ್ರಸಿದ್ಧ ‘ಮಾಡೆಲ್ ಟಿ’ ಗಾಡಿಯಲ್ಲಿ ತೊಟ್ಟಿ ಮುಂದಿನ ಆಸನದ ಕೆಳಗಿತ್ತು. ಅಲ್ಲಿಂದ ಪೆಟ್ರೋಲು ತನ್ನ ಭಾರದಿಂದಲೇ ಇಳಿದು ಎಂಜಿನ್ನನ್ನು ಸೇರಬೇಕು, ಪಂಪೆಂಬುದು ಇರಲಿಲ್ಲ. ಸಮನಾದ ನೆಲದಲ್ಲಿ ಇದಕ್ಕೆ ತೊಂದರೆಯಿಲ್ಲ. ಕಡಿದಾದ ಏರು ಬಂತೆಂದರೆ ಗಾಡಿಯ ಮೂತಿ ಮೇಲಾಗಿ, ಎಂಜಿನ್ನು ತೊಟ್ಟಿಗಿಂತ ಎತ್ತರಕ್ಕೆ ಹೋಗುತ್ತಿತ್ತು. ತೊಟ್ಟಿಯಲ್ಲಿ ಪೆಟ್ರೋಲು ಕಡಿಮೆಯಿದ್ದರಂತೂ ಹರಿವು ನಿಂತೇಹೋಗುತ್ತಿತ್ತು. ಅನುಭವಸ್ಥ ಚಾಲಕನು ಗಾಡಿಯನ್ನು ತಿರುಗಿಸಿ, ಬೆನ್ನು ಮುಂದಾಗಿ ಗುಡ್ಡ ಹತ್ತಿಸುತ್ತಿದ್ದನು! ಪೆಟ್ರೋಲು ಇದ್ದರೆ ಸಾಲದು, ಬೇಕಾದ ಗಳಿಗೆಯಲ್ಲಿ ಬೇಕಾದ ಜಾಗದಲ್ಲಿ ಇರಬೇಕೆಂಬ ಪಾಠವನ್ನು ಮಾಡೆಲ್ ಟಿ ಅಂದೇ ಕಲಿಸಿತು.

ಎಂಜಿನ್ನಿನ ಮಗ್ಗುಲಲ್ಲಿ ಇದಕ್ಕೂ ಹಿಂದಿನಿಂದಲೇ ಒಂದು ಚಿಕ್ಕ ಬಟ್ಟಲು ಇತ್ತು. ಗಾಟ್‌ಲೀಬ್ ಡೈಮ್ಲರನ ಒಡನಾಡಿಯಾಗಿದ್ದ ವಿಲ್ಹೆಲ್ಮ್ ಮೈಬಾಖ್ ಎಂಬ ಜರ್ಮನ್ ಎಂಜಿನಿಯರನು ೧೮೮೫ರಲ್ಲಿ ತೇಲುಗುಂಡಿನ ಕಾರ್ಬುರೇಟರನ್ನು ರೂಪಿಸಿದನು. ೧೮೯೩ರಲ್ಲಿ ಪೆಟ್ರೋಲನ್ನು ಸಣ್ಣ ನಳಿಕೆಯಿಂದ ತುಂತುರಾಗಿ ಚಿಮ್ಮಿಸುವ ಕಾರ್ಬುರೇಟರನ್ನು ತಂದನು. ಇದರ ಬಟ್ಟಲಿನ ಕೆಲಸ ನಮ್ಮ ಮನೆಗಳ ಮೇಲಿನ ನೀರಿನ ತೊಟ್ಟಿಯಂತೆಯೇ. ಮಟ್ಟ ಇಳಿದಾಗ ತೇಲುಗುಂಡು ಇಳಿದು ಬಾಗಿಲು ತೆರೆಯುತ್ತದೆ. ಮಟ್ಟ ಏರಿದಾಗ ಗುಂಡು ಏರಿ ಬಾಗಿಲು ಮುಚ್ಚುತ್ತದೆ. ಗಾಳಿಯಲ್ಲಿ ಬೆರೆಯುವ ಪೆಟ್ರೋಲಿನ ಪ್ರಮಾಣ ಕೆಡದಿರಲೆಂದು ಮಟ್ಟವನ್ನು ಕಾಯುವುದು ಅದರ ಘೋಷಿತ ಉದ್ಯೋಗ. ಆದರೆ ಯಾರೂ ಗಮನಿಸದ ಇನ್ನೊಂದು ಉಪಕಾರವನ್ನೂ ಅದು ಮಾಡುತ್ತಿತ್ತು. ದೂರದ ತೊಟ್ಟಿಯಲ್ಲಿ ಪೆಟ್ರೋಲು ಅತ್ತಿತ್ತ ಓಡಾಡಿ, ಕೊಳವೆಯ ಬಾಯಿಗೆ ಒಂದೆರಡು ಕ್ಷಣ ಬರಿಯ ಗಾಳಿ ಸಿಕ್ಕಿದರೂ, ಎಂಜಿನ್ನು ಈ ಬಟ್ಟಲಿನ ದಾಸ್ತಾನಿನಿಂದ ಕಾಲ ತಳ್ಳುತ್ತಿತ್ತು. ಅಕ್ಕಿ ತರಲು ಅಂಗಡಿಗೆ ಹೋದವನು ತಡಮಾಡಿದರೂ ಡಬ್ಬಿಯ ತಳದಲ್ಲಿದ್ದುದರಿಂದ ಅಂದಿನ ಅಡಿಗೆ ನಡೆದುಹೋಗುವಂತೆ! ನಡೆದುಹೋದ ಮೇಲೆ ಆ ಡಬ್ಬಿಯ ಉಪಕಾರವನ್ನು ನೆನೆಯುವವರಾರು?

ಬಟ್ಟಲಿನ ದೋಷ ಬಯಲಾದುದು ರಸ್ತೆಯಲ್ಲಲ್ಲ, ಆಕಾಶದಲ್ಲಿ. ೧೯೪೦ರ ಬೇಸಗೆಯಲ್ಲಿ ಇಂಗ್ಲೆಂಡಿನ ಮೇಲೆ ಜರ್ಮನ್ ವಿಮಾನಗಳು ಎರಗಿದಾಗ ಅವನ್ನು ಎದುರಿಸಿದ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳಲ್ಲಿದ್ದುದು ರೋಲ್ಸ್ ರಾಯ್ಸ್ ಕಂಪನಿಯ ಮರ್ಲಿನ್ ಎಂಜಿನ್ನು. ಅದರದು ತೇಲುಗುಂಡಿನ ಕಾರ್ಬುರೇಟರ್. ಎದುರಾಳಿಯ ಮೆಸ್ಸರ್‌ಶ್ಮಿಟ್ ೧೦೯ ವಿಮಾನದ ಡೈಮ್ಲರ್ ಬೆಂಝ್ ಎಂಜಿನ್ನಿಗಾದರೋ ಕಾರ್ಬುರೇಟರೇ ಇಲ್ಲ. ಪಂಪೊಂದು ಪೆಟ್ರೋಲನ್ನು ಅಳೆದು ನೇರವಾಗಿ ಸಿಲಿಂಡರುಗಳೊಳಕ್ಕೆ ಚುಚ್ಚುತ್ತಿತ್ತು. ಜರ್ಮನ್ ಚಾಲಕನು ಅಪಾಯದಲ್ಲಿ ಸಿಕ್ಕಿದರೆ ವಿಮಾನದ ಮೂತಿಯನ್ನು ಥಟ್ಟನೆ ಕೆಳಗೊತ್ತಿ ಧುಮುಕಿಬಿಡುತ್ತಿದ್ದನು. ಬೆನ್ನಟ್ಟಿದ ಇಂಗ್ಲಿಷ್ ಚಾಲಕನೂ ಹಾಗೆಯೇ ಮೂತಿ ಒತ್ತಿದರೆ ಅವನ ಎಂಜಿನ್ನು ಉಸಿರು ಕಳೆದುಕೊಳ್ಳುತ್ತಿತ್ತು.

ಕಾರಣ ಸ್ವಾರಸ್ಯವಾದದ್ದು. ಬಸ್ಸು ರಸ್ತೆಯ ಉಬ್ಬನ್ನು ಹಾರಿ ಇಳಿಯುವಾಗ ಪ್ರಯಾಣಿಕರು ಆಸನ ಬಿಟ್ಟು ಮೇಲೇಳುವಂತೆ, ವಿಮಾನ ಥಟ್ಟನೆ ಧುಮುಕಿದಾಗ ಬಟ್ಟಲಿನೊಳಗಿನ ಪೆಟ್ರೋಲೂ ಮೇಲಕ್ಕೆದ್ದು ಮುಚ್ಚಳಕ್ಕೆ ಅಂಟಿಕೊಳ್ಳುತ್ತಿತ್ತು. ತಳದ ನಳಿಕೆಗೆ ಸಿಗುವುದು ಗಾಳಿ, ಎಂಜಿನ್ನು ತಡವರಿಸುತ್ತಿತ್ತು. ಅದು ಕ್ಷಣಮಾತ್ರದ ಮಾತು. ಆಮೇಲೆ ಬರುತ್ತಿತ್ತು ದೊಡ್ಡ ಪೀಡೆ. ತಲೆಕೆಳಗಾದ ಲೋಕದಲ್ಲಿ ತೇಲುಗುಂಡಿಗೂ ದಿಕ್ಕು ತಪ್ಪಿ ಬಾಗಿಲು ಪೂರ್ತಿ ತೆರೆದುಕೊಂಡು, ಪಂಪಿನ ಪೆಟ್ರೋಲೆಲ್ಲ ಒಳಕ್ಕೆ ನುಗ್ಗಿ ಎಂಜಿನ್ನು ಪೆಟ್ರೋಲಿನಲ್ಲಿ ಮುಳುಗಿ ನಿಲ್ಲುತ್ತಿತ್ತು. ಹಸಿವಿನಿಂದ ಆರಂಭವಾದ ಕಷ್ಟ ಅಜೀರ್ಣದಲ್ಲಿ ಮುಗಿಯುತ್ತಿತ್ತು. ಇದನ್ನು ತಪ್ಪಿಸಲು ಇಂಗ್ಲಿಷ್ ಚಾಲಕರು ಮೊದಲು ವಿಮಾನವನ್ನು ಮಗುಚಿ, ಅನಂತರ ಧುಮುಕುವುದನ್ನು ರೂಢಿಸಿಕೊಂಡರು. ಆ ಮಗುಚುವಿಕೆಗೆ ಹಿಡಿಯುವ ಒಂದೆರಡು ಕ್ಷಣಗಳಲ್ಲಿ ಶತ್ರು ತಪ್ಪಿಸಿಕೊಳ್ಳಬಹುದಾಗಿತ್ತು. ಅಥವಾ ಹಿಂದಿರುಗಿ ಬರಬಹುದಾಗಿತ್ತು.

ಹಾಗೆಂದು ಕಾರ್ಬುರೇಟರನ್ನು ಆರಿಸಿದವರು ಅವಿವೇಕಿಗಳೆಂದು ತಿಳಿಯಬಾರದು. ಕಾರ್ಬುರೇಟರಿನಲ್ಲಿ ಪೆಟ್ರೋಲು ಆವಿಯಾಗುವಾಗ ಗಾಳಿಯನ್ನು ತಂಪು ಮಾಡುತ್ತದೆ. ತಂಪಾದ ಗಾಳಿ ದಟ್ಟವಾಗಿ, ಎಂಜಿನ್ನಿನ ಬಲ ಹೆಚ್ಚುತ್ತದೆ. ಆ ಲಾಭವನ್ನು ಅವರು ಬಿಡಲೊಲ್ಲದೆ ಹೋದರು. ಪ್ರತಿಯೊಂದು ಆಯ್ಕೆಗೂ ಒಂದು ಬೆಲೆಯುಂಟು.

ಈ ಕಂಟಕಕ್ಕೆ ಮೊದಲ ಮದ್ದನ್ನು ಕಂಡವಳು ಬಿಯಾಟ್ರಿಸ್ ಶಿಲ್ಲಿಂಗ್. ೧೯೦೯ರಲ್ಲಿ ಹುಟ್ಟಿದ ಈಕೆ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಎಂಜಿನಿಯರಿಂಗ್ ಓದಿ, ಫಾರ್ನ್‌ಬರೋದ ವಿಮಾನ ಸಂಶೋಧನಾಲಯವನ್ನು ಸೇರಿದ್ದಳು. ಮೋಟಾರು ಸೈಕಲ್ ಪಂದ್ಯಗಳಲ್ಲಿ ಗಂಡಸರನ್ನು ಹಿಂದೆ ಹಾಕಿದ ಗಟ್ಟಿಗಿತ್ತಿ; ೧೯೩೪ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ ಗಂಟೆಗೆ ನೂರು ಮೈಲಿಗೂ ಮೀರಿದ ವೇಗದಲ್ಲಿ ಸುತ್ತು ಬಂದು ಚಿನ್ನದ ನಕ್ಷತ್ರ ಪದಕವನ್ನು ಪಡೆದವಳು. ಆಕೆ ಮಾಡಿದ್ದಿಷ್ಟೆ: ನಡುವೆ ರಂಧ್ರವಿರುವ ಒಂದು ಚಿಕ್ಕ ಹಿತ್ತಾಳೆಯ ತುಂಡನ್ನು ಪೆಟ್ರೋಲಿನ ಕೊಳವೆಯಲ್ಲಿ ಕೂಡಿಸಿದಳು. ಎಂಜಿನ್ನು ಪೂರ್ಣಬಲದಿಂದ ದುಡಿಯುವಾಗ ಎಷ್ಟು ಪೆಟ್ರೋಲು ಬೇಕೋ ಅಷ್ಟನ್ನು ಮಾತ್ರ ಬಿಡುವ ರಂಧ್ರ ಅದು. ಬಾಗಿಲು ಪೂರ್ತಿ ತೆರೆದರೂ ಎಂಜಿನ್ನು ಮುಳುಗುವಷ್ಟು ಒಳಕ್ಕೆ ಬಾರದು. ವಿಮಾನಗಳನ್ನು ಕಾರ್ಖಾನೆಗೆ ಹಿಂದಕ್ಕೆ ಕಳುಹಿಸಬೇಕಾಗಿರಲಿಲ್ಲ. ೧೯೪೧ರ ಆರಂಭದಲ್ಲಿ ಆಕೆಯೂ ಆಕೆಯ ಸಂಗಡಿಗರೂ ವಿಮಾನನೆಲೆಗಳಿಗೇ ಹೋಗಿ ಇದನ್ನು ಅಳವಡಿಸಿದರು. ರೋಗ ಪೂರ್ತಿ ಗುಣವಾಗಲಿಲ್ಲ; ಮೊದಲ ಕ್ಷಣದ ತಡವರಿಕೆ ಉಳಿಯಿತು. ಆದರೆ ಎಂಜಿನ್ನು ಸಾಯುವುದು ತಪ್ಪಿತು. ಇದ್ದ ಯಂತ್ರವನ್ನು ಕೆಡಿಸದೆ, ಅದಕ್ಕೆ ಸಣ್ಣದೊಂದನ್ನು ಸೇರಿಸಿ ಗೆದ್ದ ಈ ರೀತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಇದರ ಪ್ರಸ್ತಾಪ ಬರುವುದಿದೆ.

ಯುದ್ಧ ಮುಗಿದ ಮೇಲೆ ಪೆಟ್ರೋಲನ್ನು ಚುಚ್ಚಿ ಕೊಡುವ ವಿದ್ಯೆ ಆಕಾಶದಿಂದ ರಸ್ತೆಗೆ ಇಳಿಯಿತು. ೧೯೫೪ರಲ್ಲಿ ನ್ಯೂಯಾರ್ಕಿನ ಪ್ರದರ್ಶನದಲ್ಲಿ ಮರ್ಸಿಡಿಸ್ ಬೆಂಝ್ ಕಂಪನಿಯು, ಹಕ್ಕಿಯ ರೆಕ್ಕೆಯಂತೆ ಮೇಲಕ್ಕೆ ತೆರೆಯುವ ಬಾಗಿಲುಗಳ ‘೩೦೦ ಎಸ್‌ಎಲ್’ ಗಾಡಿಯನ್ನು ತೋರಿಸಿತು. ಮೂರು ಲೀಟರಿನ, ಆರು ಸಿಲಿಂಡರುಗಳ ಅದರ ಎಂಜಿನ್ನಿಗೆ ಬಾಷ್ ಕಂಪನಿಯ ಪಂಪು ಪೆಟ್ರೋಲು ಉಣಿಸುತ್ತಿತ್ತು. ೧೯೬೭ರಲ್ಲಿ ಇನ್ನೆರಡು ಹೆಜ್ಜೆಗಳು. ಇಂಗ್ಲೆಂಡಿನ ಟ್ರಯಂಫ್ ಕಂಪನಿಯು ಲ್ಯೂಕಾಸ್ ಸಲಕರಣೆಗಳಿಂದ ಕೂಡಿದ ‘ಟಿಆರ್ ೫’ ಗಾಡಿಯನ್ನು ಹೊರತಂದಿತು. ಜರ್ಮನಿಯ ಫೋಕ್ಸ್‌ವ್ಯಾಗನ್ ತನ್ನ ೧೬೦೦ ಗಾಡಿಯಲ್ಲಿ, ಪೆಟ್ರೋಲಿನ ಅಳತೆಯನ್ನು ವಿದ್ಯುತ್ತಿನ ಮಿದುಳಿಗೆ ಒಪ್ಪಿಸಿದ ಬಾಷ್ ವ್ಯವಸ್ಥೆಯನ್ನು ಅಳವಡಿಸಿತು. ಅಮೆರಿಕದಲ್ಲಿ ಹೊಗೆಯ ನಿಯಮಗಳು ಬಿಗಿಯಾಗುತ್ತಿದ್ದ ಕಾಲ ಅದು. ಅಳೆದು ಕೊಡುವವನಿಗೆ ಬೆಲೆ ಬಂದಿತ್ತು.

ಹೀಗೆ ಕಾರ್ಬುರೇಟರ್ ಹೋಯಿತು. ಅದರೊಡನೆ, ಯಾರೂ ಬೀಳ್ಕೊಡದೆ, ಆ ಚಿಕ್ಕ ಬಟ್ಟಲೂ ಹೋಯಿತು.

ಹೊಸ ಪಂಪುಗಳು ಬಲಶಾಲಿಗಳು. ಕಾರ್ಬುರೇಟರಿಗೆ ಚದರ ಅಂಗುಲಕ್ಕೆ ಮೂರು ನಾಲ್ಕು ಪೌಂಡಿನ ಒತ್ತಡ ಸಾಕಾಗಿದ್ದಲ್ಲಿ, ಬಾಷ್ ವ್ಯವಸ್ಥೆಗೆ ಕಾರಿನ ಚಕ್ರದ ಗಾಳಿಯಷ್ಟು ಒತ್ತಡ ಬೇಕಾಯಿತು. ಲ್ಯೂಕಾಸ್ ವ್ಯವಸ್ಥೆಗೆ ನೂರು ಪೌಂಡನ್ನೂ ಮೀರಿತು. ಆದರೆ ಈ ಬಲಶಾಲಿಗೆ ಒಂದು ದೌರ್ಬಲ್ಯ. ತಳ್ಳುವುದರಲ್ಲಿ ಎಷ್ಟು ಗಟ್ಟಿಗನೋ ಹೀರುವುದರಲ್ಲಿ ಅಷ್ಟೇ ಅಸಮರ್ಥ. ಬಾಯಿಗೆ ಗಾಳಿ ಸಿಕ್ಕಿದರಂತೂ ಕೈಚೆಲ್ಲಿಬಿಡುತ್ತದೆ. ಈ ಜಾತಿಯ ವಿದ್ಯುತ್ ಪಂಪುಗಳಿಗೆ ಸಾಮಾನ್ಯವಾಗಿ ಹಾದುಹೋಗುವ ಪೆಟ್ರೋಲೇ ತಂಪು, ಅದೇ ಜಾರುಗೊಬ್ಬು. ಒಣಗಿ ತಿರುಗಿದರೆ ಆಯುಸ್ಸು ಸವೆಯುತ್ತದೆ. ಟ್ರಯಂಫ್ ಗಾಡಿಯನ್ನು ಇಟ್ಟುಕೊಂಡವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ತೊಟ್ಟಿಯಲ್ಲಿ ಪೆಟ್ರೋಲು ಕಡಿಮೆಯಾದಾಗ, ರಭಸದ ತಿರುವಿನಲ್ಲಿ ಎಂಜಿನ್ನು ಕೆಮ್ಮುತ್ತದೆ.

ಲೆಕ್ಕ ಹಾಕಿದರೆ ವಿಷಯ ಸ್ಪಷ್ಟವಾಗುತ್ತದೆ. ಭೂಮಿಯ ಸೆಳೆತದ ಅರ್ಧದಷ್ಟು ಬಲದಿಂದ ಗಾಡಿ ತಿರುವಿನಲ್ಲಿ ಪಕ್ಕಕ್ಕೆ ಸೆಳೆಯಲ್ಪಟ್ಟರೆ, ತೊಟ್ಟಿಯೊಳಗಿನ ಪೆಟ್ರೋಲಿನ ಮೈ ಸುಮಾರು ೨೭ ಡಿಗ್ರಿ ಓರೆಯಾಗುತ್ತದೆ. ಅಗಲವಾದ, ಚಪ್ಪಟೆಯಾದ ತೊಟ್ಟಿಯಲ್ಲಿ ಕಾಲುಭಾಗ ಪೆಟ್ರೋಲಿದ್ದರೆ ಅದೆಲ್ಲ ಒಂದು ಮೂಲೆಗೆ ಏರಿ ಕುಳಿತು, ಕೊಳವೆಯ ಬಾಯಿ ಬರಿದಾಗುವುದಕ್ಕೆ ಇಷ್ಟು ಸಾಕು. ಕೆರೆಯ ನೀರೆಲ್ಲ ಒಂದು ದಡಕ್ಕೆ ಸರಿದು ತೂಬು ಒಣಗಿ ನಿಂತಂತೆ! ಹತ್ತಾರು ಲೀಟರು ಪೆಟ್ರೋಲನ್ನು ಹೊತ್ತುಕೊಂಡೇ ಗಾಡಿ ಉಪವಾಸ ಬೀಳುತ್ತದೆ. ಕೆಮ್ಮಿದರೆ ಕೆಮ್ಮಲಿ ಎನ್ನುವಂತಿಲ್ಲ. ಪೂರ್ಣಬಲದಲ್ಲಿ ದುಡಿಯುವ ಎಂಜಿನ್ನಿಗೆ ಪೆಟ್ರೋಲು ಕಡಿಮೆಯಾಗಿ ಗಾಳಿ ಹೆಚ್ಚಾದರೆ ಒಳಗಿನ ಶಾಖ ಮಿತಿಮೀರುತ್ತದೆ. ಹಾಗೆಯೇ ಓಡಿಸಿದರೆ ಪಿಸ್ಟನ್ನು ಕರಗಿ ತೂತುಬೀಳುವುದೂ ಉಂಟು. ಐವತ್ತು ವರ್ಷದ ಗಾಡಿಗೆ ಹೊಸ ಪಿಸ್ಟನ್ನು ಹುಡುಕುವ ಪಾಡು, ಹುಡುಕಿದವರಿಗೇ ಗೊತ್ತು.

ಮರಿತೊಟ್ಟಿ ಬರುವುದು ಇಲ್ಲಿ. ಅದನ್ನು ಕೂಡಿಸುವ ಕ್ರಮ ಹೀಗಿದೆ. ತಾಯಿತೊಟ್ಟಿಯಿಂದ ಹಳೆಯ ಕಾಲದ ಕಾರ್ಬುರೇಟರಿಗೆ ಸಾಕಾಗುತ್ತಿದ್ದಂಥ ಮೃದುವಾದ ಪಂಪೊಂದು ಪೆಟ್ರೋಲನ್ನು ಮರಿತೊಟ್ಟಿಗೆ ತಂದು ಸುರಿಯುತ್ತದೆ. ಮರಿತೊಟ್ಟಿಯ ತಳದ ಕೊಳವೆಯಿಂದ, ಅದಕ್ಕಿಂತ ಕೆಳಗೆ ಕೂಡಿಸಿದ ಬಲವಾದ ಪಂಪು ಪೆಟ್ರೋಲನ್ನು ಎಂಜಿನ್ನಿಗೆ ತಳ್ಳುತ್ತದೆ. ಎಂಜಿನ್ನು ಬಳಸದೆ ಉಳಿಸಿದ್ದು ಮೂರನೆಯ ಕೊಳವೆಯಿಂದ ಮರಿತೊಟ್ಟಿಗೇ ಹಿಂದಿರುಗುತ್ತದೆ. ನಾಲ್ಕನೆಯದು ನೆತ್ತಿಯ ಮೇಲಿನ ಕೊಳವೆ. ಹೆಚ್ಚಾದದ್ದು ಇದರ ಮೂಲಕ ತಾಯಿತೊಟ್ಟಿಗೆ ಮರಳುತ್ತದೆ. ಮೃದು ಪಂಪು ಯಾವಾಗಲೂ ಬೇಕಾದುದಕ್ಕಿಂತ ಹೆಚ್ಚಾಗಿಯೇ ತರುವಂತಿರಬೇಕು. ಆಗ ಮರಿತೊಟ್ಟಿ ಸದಾ ಕಂಠಮಟ್ಟ ತುಂಬಿರುತ್ತದೆ. ಒಳಗೆ ನುಸುಳಿದ ಗಾಳಿಯ ಗುಳ್ಳೆಗಳು ನೆತ್ತಿಯ ಕೊಳವೆಯಿಂದ ಹೊರಟುಹೋಗುತ್ತವೆ. ಎಂಜಿನ್ನಿನ ಬಳಿಗೆ ಹೋಗಿ ಬಿಸಿಯಾಗಿ ಬಂದ ಪೆಟ್ರೋಲಿಗೆ ತಂಪಾದದ್ದು ಬೆರೆಯುತ್ತಿರುತ್ತದೆ.

ತಿರುವಿನಲ್ಲಿ ತಾಯಿತೊಟ್ಟಿ ಬರಿದಾದಂತಾದರೂ ಈಗ ಭಯವಿಲ್ಲ. ನೂರೈವತ್ತು ಕುದುರೆಬಲದ ಎಂಜಿನ್ನು ಪೂರ್ಣವಾಗಿ ದುಡಿಯುವಾಗ ಸೆಕೆಂಡಿಗೆ ಸುಮಾರು ೧೨ ಮಿಲಿಲೀಟರು ಪೆಟ್ರೋಲನ್ನು ಕುಡಿಯುತ್ತದೆಂದು ಇಟ್ಟುಕೊಂಡರೆ, ಒಂದು ಲೀಟರಿನ ಮರಿತೊಟ್ಟಿ ಒಂದು ನಿಮಿಷಕ್ಕೂ ಮೇಲ್ಪಟ್ಟು ಅದನ್ನು ಸಲಹಬಲ್ಲದು. ಹತ್ತು ಸೆಕೆಂಡು ಮುಗಿಯದ ತಿರುವು ಅಪರೂಪ. ಕಾರ್ಬುರೇಟರಿನ ಬಟ್ಟಲು ಮಾಡುತ್ತಿದ್ದ ಮೂಕ ಸೇವೆಯೇ ಇದು, ವ್ಯತ್ಯಾಸವೊಂದೇ. ಆ ಬಟ್ಟಲು ತೇಲುಗುಂಡಿಗೆ ಜಾಗ ಬಿಡಬೇಕಾಗಿದ್ದುದರಿಂದ ಅರೆ ತುಂಬಿದ್ದಿತು, ಆದಕಾರಣವೇ ಸ್ಪಿಟ್‌ಫೈರಿನಲ್ಲಿ ಸೋತಿತು. ಮರಿತೊಟ್ಟಿ ತುಂಬಿದ ಕೊಡ.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಹೇಳದೆ ಮುಂದೆ ಹೋಗಬಾರದು. ಪೆಟ್ರೋಲು ಸಸಾರದ ವಸ್ತುವಲ್ಲ. ಮರಿತೊಟ್ಟಿಯನ್ನು ಜನ ಕುಳಿತುಕೊಳ್ಳುವ ಜಾಗದಲ್ಲಿ ಇಡಬಾರದು. ಡಿಕ್ಕಿಯಲ್ಲಿಟ್ಟರೆ ನಡುವೆ ಭದ್ರವಾದ ತಡೆ ಇರಬೇಕು. ಕೊಳವೆಗಳೂ ಬಿಗಿಪಟ್ಟಿಗಳೂ ಆ ಒತ್ತಡವನ್ನು ತಾಳುವಂಥವೇ ಆಗಿರಬೇಕು. ಅಪಘಾತವಾದರೆ ಎರಡು ಪಂಪುಗಳೂ ತಾವಾಗಿ ನಿಲ್ಲುವ ಏರ್ಪಾಡಿರಬೇಕು.

ಇನ್ನು ಉಳಿದದ್ದು ಧರ್ಮಸೂಕ್ಷ್ಮದ ಪ್ರಶ್ನೆ. ಹಳೆಯ ಗಾಡಿಗೆ, ಅದನ್ನು ಕಟ್ಟಿದವರು ಇಡದಿದ್ದ ವಸ್ತುವೊಂದನ್ನು ಸೇರಿಸಬಹುದೆ? ಸೇರಿಸಿದರೆ ಅದು ಹಳೆಯ ಗಾಡಿಯಾಗಿ ಉಳಿಯಿತೆ? ಶುದ್ಧಿವಾದಿಗಳು ಕೂಡದೆನ್ನುತ್ತಾರೆ, ಕೆಮ್ಮುವುದೂ ಅದರ ಚರಿತ್ರೆಯ ಭಾಗವೆನ್ನುತ್ತಾರೆ. ಈ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಕನ್ನಡ ಪಾಠ ಹೇಳುವವನಾದ ನನಗೆ ಗ್ರಂಥಸಂಪಾದನೆಯಲ್ಲಿ ಇದೇ ಪ್ರಶ್ನೆ ಎದುರಾಗುತ್ತದೆ. ಓಲೆಯ ಪ್ರತಿಯಲ್ಲಿ ಒಂದು ಪದ್ಯ ತಪ್ಪಿದೆ, ಛಂದಸ್ಸು ಮುಗ್ಗರಿಸುತ್ತದೆ. ತಿದ್ದಬೇಕೆ, ಬಿಡಬೇಕೆ? ಒಳ್ಳೆಯ ಸಂಪಾದಕನು ತಿದ್ದುತ್ತಾನೆ. ಆದರೆ ಪ್ರತಿಯಲ್ಲಿದ್ದ ಪಾಠವನ್ನು ಅಡಿಟಿಪ್ಪಣಿಯಲ್ಲಿ ಉಳಿಸುತ್ತಾನೆ. ಮುಂದೆ ಬರುವವನು ತಿದ್ದುಪಡಿಯನ್ನು ಒಪ್ಪದಿದ್ದರೆ ಮೂಲಕ್ಕೆ ಹಿಂದಿರುಗಲು ದಾರಿ ಇರುತ್ತದೆ. ಓಲೆಯನ್ನೇ ಕೆರೆದು ತಿದ್ದುವವನು ಸಂಪಾದಕನಲ್ಲ, ಅಪರಾಧಿ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು ೨೦೧೨ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದಿನ ಆಶಯವೂ ಇದೇ ದಿಕ್ಕಿನದು: ಬದಲಾವಣೆ ಅನಿವಾರ್ಯವಾದರೆ ಅದು ಕಣ್ಣಿಗೆ ಹೊಡೆಯದಂತಿರಲಿ, ಹಿಂದೆಗೆಯಬಹುದಾದಂತಿರಲಿ, ಕಳಚಿದ ಮೂಲಭಾಗಗಳು ಗಾಡಿಯೊಡನೆಯೇ ಉಳಿಯಲಿ. ಮರಿತೊಟ್ಟಿ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಚುಚ್ಚಿ ಕೊಡುವ ವ್ಯವಸ್ಥೆಯಿರುವ ಇಂಥ ಹಳೆಯ ಗಾಡಿಗಳಲ್ಲಿ ಪೆಟ್ರೋಲು ಹೋಗುವ ಕೊಳವೆಯೊಂದು, ಉಳಿದದ್ದು ಹಿಂದಿರುಗುವ ಕೊಳವೆಯೊಂದು ಮೊದಲಿನಿಂದಲೇ ಇರುತ್ತವೆ. ಮೊದಲನೆಯದು ಮೃದು ಪಂಪಿಗೆ, ಎರಡನೆಯದು ನೆತ್ತಿಯ ಕೊಳವೆಗೆ ಒದಗುತ್ತದೆ. ತಾಯಿತೊಟ್ಟಿಗೆ ಒಂದು ತೂತನ್ನೂ ಕೊರೆಯಬೇಕಾಗಿಲ್ಲ. ನಾಳೆ ಬೇಡವೆನಿಸಿದರೆ ಕಳಚಿಡಬಹುದು. ಗಾಡಿ ಕಾರ್ಖಾನೆಯಿಂದ ಬಂದ ದಿನದಂತೆ ನಿಲ್ಲುತ್ತದೆ. ಬಿಯಾಟ್ರಿಸ್ ಶಿಲ್ಲಿಂಗಳ ಹಿತ್ತಾಳೆಯ ತುಂಡಿನ ಸಂತತಿ ಇದು. ಇದರ ಬದಲು ಅಡ್ಡತಡೆಗಳನ್ನು ಬೆಸೆಯಲೆಂದು ಮೂಲ ತೊಟ್ಟಿಯನ್ನೇ ಸೀಳುವವರಿದ್ದಾರೆ; ಕೆಲಸವೇನೋ ಆಗುತ್ತದೆ, ಆದರೆ ಓಲೆಯನ್ನು ಕೆರೆದಂತಾಯಿತು.

ಅಂದಹಾಗೆ, ಕಾರ್ಖಾನೆಗಳೂ ಕೊನೆಗೆ ಪಾಠ ಕಲಿತವು. ಪಂಪನ್ನು ತೊಟ್ಟಿಯೊಳಗೇ ಮುಳುಗಿಸಿ, ಅದರ ಸುತ್ತ ಸದಾ ತುಂಬಿರುವ ಒಂದು ಬಟ್ಟಲನ್ನು ಇಡುವ ಪದ್ಧತಿ ಕ್ರಮೇಣ ಬಳಕೆಗೆ ಬಂದಿತು. ನಮ್ಮ ದೇಶದಲ್ಲಿ ೨೦೦೦ದ ಸುಮಾರಿಗೆ ಹೊಗೆಯ ನಿಯಮಗಳು ಬಿಗಿಯಾಗಿ ಕಾರ್ಬುರೇಟರ್ ಮರೆಯಾಗತೊಡಗಿದಾಗ ಇಲ್ಲಿಗೂ ಆ ಏರ್ಪಾಡು ಬಂದಿತು. ಓದುಗರ ಮನೆಯ ಮುಂದೆ ನಿಂತಿರುವ ಪೆಟ್ರೋಲು ಕಾರಿನ ತೊಟ್ಟಿಯೊಳಗೂ ಅಂಥದೊಂದು ಬಟ್ಟಲು ಕುಳಿತಿರುವುದು ಬಹುಮಟ್ಟಿಗೆ ಖಂಡಿತ. ನಾಳೆ ಆಗುಂಬೆಯ ಘಾಟಿಯಲ್ಲಿ ಎಂಜಿನ್ನು ಕೆಮ್ಮದೆ ಹತ್ತಿದರೆ ಅದರ ಪಾಲೂ ಅದರಲ್ಲಿದೆ.

ಹಳೆಯ ಗಾಡಿಯಿದ್ದೂ ಮರಿತೊಟ್ಟಿಯನ್ನು ಕೂಡಿಸುವ ಮನಸ್ಸಿಲ್ಲದವರಿಗೆ ಇನ್ನೊಂದು ಉಪಾಯವಿದೆ, ಖರ್ಚಿಲ್ಲದ್ದು. ತಾಯಿತೊಟ್ಟಿಯ ಪೆಟ್ರೋಲನ್ನು ಅರ್ಧಕ್ಕಿಂತ ಕೆಳಗೆ ಇಳಿಯಗೊಡಬೇಡಿ. ಬಾವಿಕಟ್ಟೆಯ ಹೆಣ್ಣುಮಗಳಾದರೂ ಅದನ್ನೇ ಹೇಳುತ್ತಿದ್ದಳು.